ಡಾರ್ವಿನ್ ವಿಕಾಸವಾದವನ್ನು ಕದ್ದರೇ? ಒಬ್ಬ ಭೂವಿಜ್ಞಾನಿಯ ಪತ್ರಗಳು ಏನು ಹೇಳುತ್ತವೆ?

ವಿಕಾಸವಾದ ಡಾರ್ವಿನ್ ಅವರದ್ದಲ್ಲ, ಆಲ್ಫ್ರೆಡ್ ರಸೆಲ್ ವಾಲೇಸ್ ಎಂಬ ಬಡ ಸಂಶೋಧಕ ಕಳಿಸಿದ ಪತ್ರದಿಂದ ಕದ್ದದ್ದು, ಅವರ ಪ್ರಭಾವಿ ಗೆಳೆಯರಿಬ್ಬರು ಸೇರಿ ಅದನ್ನು ಮುಚ್ಚಿಹಾಕಿದರು ಎಂಬ ಮಾತನ್ನು ನೀವೂ ಓದಿರಬಹುದು. ಇದು ಹೊಸ ಆರೋಪವಲ್ಲ. 1980ರಲ್ಲಿ ಅಮೆರಿಕದ ಪತ್ರಕರ್ತ ಆರ್ನಾಲ್ಡ್ ಬ್ರ್ಯಾಕ್‌ಮನ್ ಇದೇ ವಿಷಯದ ಮೇಲೆ ಇಡೀ ಪುಸ್ತಕ ಬರೆದಿದ್ದರು. ಹಾಗಾದರೆ ಇದು ನಿಜವೇ?

ಇದನ್ನು ಪರಿಶೀಲಿಸಲು ನಾವು ಮೂರನೆಯ ವ್ಯಕ್ತಿಯೊಬ್ಬರ ಪತ್ರವ್ಯವಹಾರವನ್ನು ನೋಡಬೇಕು. ಅವರು ಭೂವಿಜ್ಞಾನಿ ಚಾರ್ಲ್ಸ್ ಲೈಯೆಲ್. ಆರೋಪದಲ್ಲಿ ಬರುವ ಇಬ್ಬರು 'ಪ್ರಭಾವಿ ಗೆಳೆಯ'ರಲ್ಲಿ ಒಬ್ಬರು ಇವರೇ.

ಯಾರು ಈ ಲೈಯೆಲ್?

1797ರಲ್ಲಿ ಸ್ಕಾಟ್‌ಲೆಂಡ್‌ನಲ್ಲಿ ಹುಟ್ಟಿದ ಲೈಯೆಲ್ ಓದಿದ್ದು ಕಾನೂನು, ಹಿಡಿದದ್ದು ಕಲ್ಲು. ಮಳೆ, ನದಿ, ಜ್ವಾಲಾಮುಖಿಗಳಂತಹ ಇಂದಿಗೂ ನಮ್ಮ ಕಣ್ಣೆದುರು ಕೆಲಸ ಮಾಡುತ್ತಿರುವ ಶಕ್ತಿಗಳೇ ಬಹಳ ದೀರ್ಘ ಕಾಲದಲ್ಲಿ ಭೂಮಿಗೆ ಈ ರೂಪ ಕೊಟ್ಟಿವೆ ಎಂದು ವಾದಿಸಿದವರು ಅವರು. ಅವರ 'ಪ್ರಿನ್ಸಿಪಲ್ಸ್ ಆಫ್ ಜಿಯಾಲಜಿ' 1830ರಿಂದ 1833ರವರೆಗೆ ಮೂರು ಸಂಪುಟಗಳಲ್ಲಿ ಬಂತು. ಬೀಗಲ್ ಹಡಗಿನಲ್ಲಿ ಹೊರಟ ಯುವಕ ಡಾರ್ವಿನ್ ಜೊತೆಗೊಯ್ದ ಪುಸ್ತಕಗಳಲ್ಲಿ ಅದರ ಮೊದಲ ಸಂಪುಟವೂ ಇತ್ತು.

ಆ ಕಾಲದಲ್ಲಿ ವಿಜ್ಞಾನ ನಡೆಯುತ್ತಿದ್ದದ್ದೇ ಪತ್ರಗಳ ಮೂಲಕ. 1840ರಲ್ಲಿ ಬ್ರಿಟನ್ ಪೆನ್ನಿ ಪೋಸ್ಟ್ ಜಾರಿಗೆ ತಂದಿತು. ಅರ್ಧ ಔನ್ಸ್ ತೂಕದ ಪತ್ರ ದೇಶದೊಳಗೆ ಎಷ್ಟೇ ದೂರ ಹೋದರೂ ಒಂದೇ ಪೆನ್ನಿ. ಅದಕ್ಕೂ ಮೊದಲು ಸಾಮಾನ್ಯವಾಗಿ ಪತ್ರ ಪಡೆದವರೇ, ದೂರಕ್ಕೆ ತಕ್ಕಂತೆ, ಹಣ ಕೊಡಬೇಕಿತ್ತು. ಡೇಟಾ ಅಗ್ಗವಾದಾಗ ನಮ್ಮಲ್ಲಿ ಮೆಸೇಜುಗಳು ಹೆಚ್ಚಿದಂತೆ ಅಲ್ಲಿ ಪತ್ರಗಳು ಹೆಚ್ಚಿದವು. ಲೈಯೆಲ್ ಅವರಂಥವರ ಪತ್ರಗಳಲ್ಲಿ ಪಳೆಯುಳಿಕೆಯ ಚರ್ಚೆ, ಊಟದ ಆಹ್ವಾನ, ಮನೆಯವರ ಆರೋಗ್ಯ ಎಲ್ಲವೂ ಒಟ್ಟಿಗೇ ಇರುತ್ತಿದ್ದವು. ವೃತ್ತಿಯ ಪತ್ರ ಬೇರೆ, ಸ್ನೇಹದ ಪತ್ರ ಬೇರೆ ಎಂಬ ಗೆರೆ ಇರಲಿಲ್ಲ. ನಮ್ಮ ಪ್ರಶ್ನೆಗೆ ಉತ್ತರ ಇರುವುದೂ ಅಂಥ ಪತ್ರಗಳಲ್ಲೇ.

ಪತ್ರಗಳು ತೋರಿಸುವ ಕ್ರಮ

ಮೊದಲು ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡೋಣ.

1844: ಡಾರ್ವಿನ್ ತಮ್ಮ ಸಿದ್ಧಾಂತವನ್ನು ದೀರ್ಘ ಪ್ರಬಂಧವಾಗಿ ಬರೆದಿಟ್ಟರು. ಪ್ರಕಟಿಸಲಿಲ್ಲ. ಮುಂದೆ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಅದನ್ನು ಓದಿದರು.

1855: ವಾಲೇಸ್ ಬೋರ್ನಿಯೋದ ಸರವಾಕ್‌ನಿಂದ ಒಂದು ಲೇಖನ ಪ್ರಕಟಿಸಿದರು. ಪ್ರತಿ ಹೊಸ ಪ್ರಭೇದವೂ ತನಗೆ ಹತ್ತಿರದ ಹಳೆಯ ಪ್ರಭೇದ ಇದ್ದ ಜಾಗದಲ್ಲಿ, ಅದೇ ಕಾಲದ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಅದರ ಸಾರ. ಅದನ್ನು ಓದಿದ ಲೈಯೆಲ್ ಪ್ರಭೇದಗಳ ಪ್ರಶ್ನೆಗೆಂದೇ ಹೊಸ ನೋಟ್‌ಬುಕ್ ತೆರೆದರು.

ಏಪ್ರಿಲ್ 1856: ಲೈಯೆಲ್ ಡಾರ್ವಿನ್ ಅವರ ಮನೆಗೆ ಹೋದರು. ಅಲ್ಲಿ ಡಾರ್ವಿನ್ ನೈಸರ್ಗಿಕ ಆಯ್ಕೆಯ ತತ್ವವನ್ನು ಅವರಿಗೆ ವಿವರಿಸಿದರು. ಲೈಯೆಲ್ ಇದನ್ನು ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಂಡಿದ್ದಾರೆ.

ಮೇ 1856: ಲೈಯೆಲ್ ಡಾರ್ವಿನ್‌ಗೆ ಪತ್ರ ಬರೆದರು. ಪಾರಿವಾಳಗಳ ವಿಷಯವಾದರೂ ಸರಿ, ಒಂದು ಸಣ್ಣ ಭಾಗ ಪ್ರಕಟಿಸಿ, ಸಿದ್ಧಾಂತಕ್ಕೆ ಒಂದು ದಿನಾಂಕ ಬೀಳಲಿ ಎಂಬುದು ಅವರ ಒತ್ತಾಯ. ಬೇರೆ ಯಾರಾದರೂ ಮೊದಲು ಬರೆದುಬಿಟ್ಟಾರು ಎಂಬ ಆತಂಕ ಅವರಿಗಿತ್ತು. ಮೊದಲಿಗನಾಗಬೇಕೆಂದೇ ಬರೆಯುವುದು ನನಗೆ ಇಷ್ಟವಿಲ್ಲ, ಆದರೂ ಬೇರೆಯವರು ಮೊದಲಾದರೆ ಬೇಸರವಾಗುತ್ತದೆ ಎಂಬರ್ಥದಲ್ಲಿ ಡಾರ್ವಿನ್ ಉತ್ತರಿಸಿದರು.

ಸೆಪ್ಟೆಂಬರ್ 1857: ಡಾರ್ವಿನ್ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಅವರಿಗೆ ಸಿದ್ಧಾಂತದ ಸಾರಾಂಶವನ್ನು ಪತ್ರದಲ್ಲಿ ಕಳಿಸಿದರು.

ಜೂನ್ 1858: ವಾಲೇಸ್ ಅವರ ಹೊಸ ಪ್ರಬಂಧ ಡಾರ್ವಿನ್ ಕೈ ಸೇರಿತು. ಈಗಿನ ಇಂಡೋನೇಷ್ಯಾದಲ್ಲಿರುವ ಟರ್ನಾಟೆ ದ್ವೀಪದಿಂದ ಬಂದದ್ದು ಅದು. ಇಬ್ಬರೂ ಬೇರೆಬೇರೆಯಾಗಿ ಯೋಚಿಸಿ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಂತಿದ್ದರು! ಯೋಗ್ಯವೆನಿಸಿದರೆ ಲೈಯೆಲ್‌ಗೆ ತೋರಿಸಿ ಎಂದು ವಾಲೇಸ್ ಕೇಳಿದ್ದರು. ಡಾರ್ವಿನ್ ಅದನ್ನು ಲೈಯೆಲ್‌ಗೆ ಕಳಿಸಿ, ನೀವು ಎಚ್ಚರಿಸಿದ್ದೇ ಆಯಿತು ಎಂದು ನೋವಿನಿಂದ ಬರೆದರು.

ಅಂದರೆ, ವಾಲೇಸ್ ಪ್ರಬಂಧ ಬರುವ ಮೊದಲೇ ಡಾರ್ವಿನ್ ಸಿದ್ಧಾಂತ ಕನಿಷ್ಠ ಮೂವರಿಗೆ ಗೊತ್ತಿತ್ತು. ಒಬ್ಬರಿಗೆ ಪ್ರಬಂಧವಾಗಿ, ಒಬ್ಬರಿಗೆ ಮಾತಿನಲ್ಲಿ, ಒಬ್ಬರಿಗೆ ಪತ್ರದಲ್ಲಿ. ಕದಿಯುವುದಕ್ಕೆ ಏನೂ ಉಳಿದಿರಲಿಲ್ಲ.

ಹಾಗಾದರೆ ಅನುಮಾನ ಹುಟ್ಟಿದ್ದು ಎಲ್ಲಿಂದ?

ಅನುಮಾನಕ್ಕೆ ಕಾರಣಗಳಿವೆ, ಅವನ್ನೂ ಹೇಳಬೇಕು. ವಾಲೇಸ್ ಕಳಿಸಿದ ಆ ಮೂಲ ಪತ್ರ ಇಂದು ಸಿಗುವುದಿಲ್ಲ. ಆ ವಾರಗಳಲ್ಲಿ ಲೈಯೆಲ್ ಮತ್ತು ಹೂಕರ್ ಡಾರ್ವಿನ್‌ಗೆ ಬರೆದ ಉತ್ತರಗಳೂ ಸಿಕ್ಕಿಲ್ಲ. ಸಾಕ್ಷ್ಯ ನಾಶ ಮಾಡಿದರು ಎಂದು ಕೆಲವರು ಹೇಳುವುದು ಇದಕ್ಕೇ. ಆದರೆ ಆ ದಿನಗಳಲ್ಲಿ ಡಾರ್ವಿನ್ ತಮಗೆ ಬಂದ ಹೆಚ್ಚಿನ ಪತ್ರಗಳನ್ನು ಉಳಿಸಿಕೊಳ್ಳುತ್ತಲೇ ಇರಲಿಲ್ಲ. ಅಂಗಡಿಯಲ್ಲಿ ಬಿಲ್ ಚುಚ್ಚಿಡುವಂತೆ ಕಂಬಿಗೆ ಸಿಕ್ಕಿಸಿಟ್ಟು, ಕಂಬಿ ತುಂಬಿದಾಗ ಸುಟ್ಟುಬಿಡುತ್ತಿದ್ದರು ಎಂದು ಮಗ ಫ್ರಾನ್ಸಿಸ್ ದಾಖಲಿಸಿದ್ದಾರೆ. ಕಾಣೆಯಾದದ್ದು ಈ ಪತ್ರ ಒಂದೇ ಅಲ್ಲ.

ಎರಡನೆಯ ಅನುಮಾನ ತಾರೀಖಿನದ್ದು. ಟರ್ನಾಟೆಯಿಂದ ವಾಲೇಸ್ ಬರೆದ ಇನ್ನೊಂದು ಪತ್ರ ಜೂನ್ 3ರ ಹೊತ್ತಿಗೇ ಇಂಗ್ಲೆಂಡ್ ತಲುಪಿತ್ತು. ಹಾಗಿದ್ದ ಮೇಲೆ ಡಾರ್ವಿನ್‌ಗೂ ಆಗಲೇ ತಲುಪಿರಬೇಕು, ಜೂನ್ 18ರವರೆಗೆ ಬಚ್ಚಿಟ್ಟುಕೊಂಡರು ಎಂಬುದು ವಾದ. 2012ರಲ್ಲಿ ಇತಿಹಾಸಕಾರರಾದ ಜಾನ್ ವಾನ್ ವೈ ಮತ್ತು ಕೀಸ್ ರೂಕ್‌ಮಾಕರ್ ಅಂದಿನ ಟಪಾಲು ಹಡಗುಗಳ ವೇಳಾಪಟ್ಟಿ ಹುಡುಕಿದರು. ವಾಲೇಸ್ ಬರೆದದ್ದು ಡಾರ್ವಿನ್ ಅವರ ಹಿಂದಿನ ಪತ್ರಕ್ಕೆ ಉತ್ತರ, ಆ ಪತ್ರ ಟರ್ನಾಟೆಗೆ ಬಂದದ್ದೇ ಮಾರ್ಚ್ ಹಡಗಿನಲ್ಲಿ, ಹಾಗಾಗಿ ಉತ್ತರ ಹೊರಟಿದ್ದು ಏಪ್ರಿಲ್ ಹಡಗಿನಲ್ಲಿ ಎಂಬುದು ಅವರ ಲೆಕ್ಕ. ಏಪ್ರಿಲ್‌ನಲ್ಲಿ ಹೊರಟ ಟಪಾಲು ಸೇರುವ ದಿನ ಜೂನ್ 18ಕ್ಕೆ ಸರಿಹೊಂದುತ್ತದೆ. ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪಿಲ್ಲ. ಒಂದು ವೇಳೆ ಪತ್ರ ಎರಡು ವಾರ ಮೊದಲೇ ಬಂದಿದ್ದರೂ 1844ರ ಪ್ರಬಂಧ, 1857ರ ಪತ್ರದ ತಾರೀಖು ಬದಲಾಗುವುದಿಲ್ಲ.

ಸರಿ ಎನಿಸದ ಒಂದು ಸಂಗತಿ

ಕಳ್ಳತನವಾಗಿಲ್ಲ ಎಂದರೆ ಎಲ್ಲವೂ ನ್ಯಾಯವಾಗಿ ನಡೆಯಿತು ಎಂದಲ್ಲ.

ಜೂನ್ ಕೊನೆಯಲ್ಲಿ ಡಾರ್ವಿನ್ ಮನೆಗೆ ಸ್ಕಾರ್ಲೆಟ್ ಜ್ವರ ನುಗ್ಗಿತ್ತು. ಜೂನ್ 28ರಂದು ಅವರ ಕೂಸು ಚಾರ್ಲ್ಸ್ ವೇರಿಂಗ್ ತೀರಿಕೊಂಡ. ಈಗ ನಾನು ಪ್ರಕಟಿಸಿದರೆ ಸಣ್ಣತನವಾಗದೇ, ಅದಕ್ಕಿಂತ ನನ್ನ ಪುಸ್ತಕವನ್ನೇ ಸುಟ್ಟುಹಾಕುವುದು ಮೇಲು ಎಂದು ಅವರು ಲೈಯೆಲ್‌ಗೆ ಬರೆದಿದ್ದರು. ತೀರ್ಮಾನವನ್ನು ಲೈಯೆಲ್ ಮತ್ತು ಹೂಕರ್ ಕೈಗೆ ಬಿಟ್ಟರು.

1858ರ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಮೂರು ಬರಹಗಳನ್ನು ಓದಲಾಯಿತು: ಡಾರ್ವಿನ್ ಅವರ 1844ರ ಪ್ರಬಂಧದ ಭಾಗ, ಗ್ರೇಗೆ ಬರೆದ ಪತ್ರದ ಸಾರ, ಕೊನೆಗೆ ವಾಲೇಸ್ ಪ್ರಬಂಧ. ಲೇಖಕರಿಬ್ಬರೂ ಅಲ್ಲಿರಲಿಲ್ಲ. ವಾಲೇಸ್ ಅವರನ್ನು ಯಾರೂ ಕೇಳಿರಲಿಲ್ಲ. ಕೇಳಿ ಉತ್ತರ ಪಡೆಯಲು ತಿಂಗಳುಗಟ್ಟಲೆ ಬೇಕಿತ್ತು, ನಿಜ. ಆದರೆ ಕಾಯಬಹುದಿತ್ತು. ಪ್ರಬಂಧವನ್ನು ಕಳಿಸಿದವರ ಒಪ್ಪಿಗೆಯಿಲ್ಲದೆ ಹೊರಗೆ ಹಾಕಿದ್ದು ಇಂದಿನ ಕಣ್ಣಿಗೆ ತಪ್ಪೇ.

ವಾಲೇಸ್ ಮಾತ್ರ ದೂರಲಿಲ್ಲ. ಸುದ್ದಿ ತಿಳಿದು ಸಂತೋಷಪಟ್ಟು ಹೂಕರ್‌ಗೆ ಪತ್ರ ಬರೆದರು. 1869ರಲ್ಲಿ 'ದಿ ಮಲಯ್ ಆರ್ಕಿಪೆಲಾಗೋ' ಪುಸ್ತಕವನ್ನು ಡಾರ್ವಿನ್‌ಗೆ ಅರ್ಪಿಸಿದರು. 1889ರ ತಮ್ಮ ಪುಸ್ತಕಕ್ಕೆ 'ಡಾರ್ವಿನಿಸಂ' ಎಂದೇ ಹೆಸರಿಟ್ಟರು. 1881ರಲ್ಲಿ ವಾಲೇಸ್‌ಗೆ ವರ್ಷಕ್ಕೆ 200 ಪೌಂಡ್ ಸರ್ಕಾರಿ ಪಿಂಚಣಿ ಸಿಗುವಂತೆ ಓಡಾಡಿದವರಲ್ಲಿ ಡಾರ್ವಿನ್ ಪ್ರಮುಖರು.

ಇನ್ನು ಲೈಯೆಲ್? ಪ್ರಕಟಿಸಿ ಎಂದು ಒತ್ತಾಯಿಸಿದ ಅವರಿಗೇ ಆ ಸಿದ್ಧಾಂತ ಸುಲಭವಾಗಿ ಗಂಟಲಲ್ಲಿ ಇಳಿಯಲಿಲ್ಲ. ಮನುಷ್ಯನೂ ಪ್ರಾಣಿಗಳಿಂದ ಬಂದವನು ಎಂಬುದು ಅವರನ್ನು ಕಾಡಿತು. 1863ರ ಅವರ ಪುಸ್ತಕದಲ್ಲಿ ಸ್ಪಷ್ಟ ಬೆಂಬಲ ಕಾಣದೆ ಡಾರ್ವಿನ್ ಬೇಸರಪಟ್ಟರು. 1860ರ ದಶಕದ ಕೊನೆಯಲ್ಲಿ ಬಂದ 'ಪ್ರಿನ್ಸಿಪಲ್ಸ್' ಹತ್ತನೇ ಆವೃತ್ತಿಯಲ್ಲಿ ಲೈಯೆಲ್ ವಿಕಾಸವನ್ನು ಒಪ್ಪಿದರು. ಪಿತೂರಿ ಮಾಡಿ ಗೆಳೆಯನನ್ನು ಗೆಲ್ಲಿಸಲು ಹೊರಟವರು ಹತ್ತು ವರ್ಷ ಹೀಗೆ ಹಿಂದೆಮುಂದೆ ನೋಡುತ್ತಿದ್ದರೇ?

ತೀರ್ಮಾನ

ಡಾರ್ವಿನ್ ಸಿದ್ಧಾಂತವನ್ನು ಕದ್ದರು ಎಂಬುದು ಸುಳ್ಳು. ವಾಲೇಸ್ ಸ್ವತಂತ್ರವಾಗಿ ಅದನ್ನು ಕಂಡುಕೊಂಡರು ಎಂಬುದು ನಿಜ. ಅವರನ್ನು ಕೇಳದೆ ಅವರ ಪ್ರಬಂಧವನ್ನು ಓದಿಸಿದರು ಎಂಬುದೂ ನಿಜ. ಫಾರ್ವರ್ಡ್‌ಗಳಲ್ಲಿ ಈ ಎರಡು ನಿಜಗಳ ನಡುವೆ ಒಂದು ಸುಳ್ಳನ್ನು ಕೂರಿಸಿರುತ್ತಾರೆ, ಅದಕ್ಕೇ ನಂಬಿಕೆ ಬರುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ಡಾರ್ವಿನ್ ಬರೆದ ಮತ್ತು ಅವರಿಗೆ ಬಂದ 15,000ಕ್ಕೂ ಹೆಚ್ಚು ಪತ್ರಗಳನ್ನು ಕೇಂಬ್ರಿಡ್ಜ್‌ನ ಡಾರ್ವಿನ್ ಕರೆಸ್ಪಾಂಡೆನ್ಸ್ ಪ್ರಾಜೆಕ್ಟ್ ಇಂಟರ್ನೆಟ್‌ನಲ್ಲಿ ಉಚಿತವಾಗಿ ಇಟ್ಟಿದೆ. ಲೈಯೆಲ್ ಅವರ 294 ನೋಟ್‌ಬುಕ್‌ಗಳು 2019ರಲ್ಲಿ ಮಾರಾಟಕ್ಕೆ ಬಂದಿದ್ದಾಗ ಸಾರ್ವಜನಿಕರು ದೇಣಿಗೆ ಕೊಟ್ಟು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಉಳಿಸಿಕೊಟ್ಟರು.

ಮುಂದಿನ ಸಲ ಯಾರಾದರೂ ಇಂಥದ್ದನ್ನು ಕಳಿಸಿದರೆ ಮೂರು ಪ್ರಶ್ನೆ ಕೇಳಿ: ಮೂಲ ಎಲ್ಲಿದೆ? ತಾರೀಖು ಯಾವುದು? ಇದು ಯಾವ ಮಾತಿಗೆ ಕೊಟ್ಟ ಉತ್ತರ? ಲೈಯೆಲ್ ಡಾರ್ವಿನ್‌ಗೆ ಹೇಳಿದ್ದೂ ಅದನ್ನೇ ಅಲ್ಲವೇ, ಬರೆದದ್ದಕ್ಕೆ ಒಂದು ತಾರೀಖು ಇರಲಿ ಎಂದು.