ಕೊಂದ ಕೈಯೂ ಮಗುವಿನದೇ ಆದಾಗ

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಮುನಿಯ ಕಥೆಯೊಂದು ಬರುತ್ತದೆ. ಕಳ್ಳರು ತಾವು ಕದ್ದ ಮಾಲನ್ನು ಮುನಿಯ ಆಶ್ರಮದಲ್ಲಿ ಬಚ್ಚಿಟ್ಟರು. ಮೌನವ್ರತದಲ್ಲಿದ್ದ ಮುನಿ ಬಾಯಿ ಬಿಡಲಿಲ್ಲ. ಅರಸನ ಭಟರು ಆತನನ್ನೂ ಹಿಡಿದೊಯ್ದರು, ಅರಸ ಶೂಲಕ್ಕೇರಿಸಿದ. ಜೀವ ಹೋಗಲಿಲ್ಲ, ಮುರಿದ ಶೂಲದ ತುದಿ ಮಾತ್ರ ಮೈಯಲ್ಲೇ ಉಳಿದು ಆತ ಅಣಿಮಾಂಡವ್ಯನೆನಿಸಿದ. ತನಗೇಕೆ ಈ ಶಿಕ್ಷೆ ಎಂದು ಆತ ಯಮಧರ್ಮನನ್ನು ಕೇಳಿದಾಗ, ಬಾಲ್ಯದಲ್ಲಿ ಹುಳುಗಳಿಗೆ ಹುಲ್ಲುಕಡ್ಡಿ ಚುಚ್ಚಿದ್ದರ ಫಲ ಎಂಬ ಉತ್ತರ ಬಂತು. ಸಿಟ್ಟಿಗೆದ್ದ ಮುನಿ, ನೀನು ಮನುಷ್ಯನಾಗಿ ಹುಟ್ಟು ಎಂದು ಧರ್ಮನನ್ನೇ ಶಪಿಸಿದ. ಹದಿನಾಲ್ಕು ವರ್ಷದೊಳಗೆ ಮಾಡಿದ್ದು ಪಾಪವಾಗದು ಎಂಬ ಹೊಸ ಕಟ್ಟಳೆಯನ್ನೂ ಹಾಕಿದ. ವಿದುರ ಹುಟ್ಟಿದ್ದು ಆ ಶಾಪದಿಂದ.

ಮಗುವಿನ ತಪ್ಪಿಗೆ ದೊಡ್ಡವರ ಶಿಕ್ಷೆ ಸಲ್ಲದು ಎಂಬ ವಿಚಾರ ನಮ್ಮಲ್ಲಿ ಹೊಸದೇನಲ್ಲ. ಆದರೆ ಆ ಕಥೆಯಲ್ಲಿ ನೊಂದದ್ದು ಹುಳು. ನೊಂದು ಸತ್ತದ್ದೂ ಮಗುವೇ ಆದರೆ? ಹಿಂಸೆ ಕೊಟ್ಟು ಕೊಂದವನು ಇನ್ನೂ ಮೀಸೆ ಮೂಡದ ಹುಡುಗನಾದರೆ? ಇಲ್ಲಿ ಕಾನೂನು ಇಬ್ಬರು ಮಕ್ಕಳ ನಡುವೆ ನಿಲ್ಲಬೇಕಾಗುತ್ತದೆ.

ಒಂದೇ ನಾಡು, ಬೇರೆ ಬೇರೆ ಕಟ್ಟಳೆ

ಇಂದು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲವೂ 1997ರಲ್ಲಿ ರಚನೆಯಾದ ಗದಗ ಜಿಲ್ಲೆಯೊಳಗಿವೆ. ಸ್ವಾತಂತ್ರ್ಯಕ್ಕೆ ಮುಂಚೆ ಹಾಗಿರಲಿಲ್ಲ. ಗದಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಮುಂಬಯಿ ಪ್ರಾಂತದ ಕಾಯಿದೆ ಈ ಸಂಸ್ಥಾನಗಳ ಗಡಿ ದಾಟಿ ತಾನಾಗಿಯೇ ನಡೆಯುತ್ತಿರಲಿಲ್ಲ.

ಬಾಲಾಪರಾಧಿಗಳನ್ನು ದೊಡ್ಡ ಕೈದಿಗಳಿಂದ ಬೇರೆ ಇಡಬೇಕೆಂದು 1919-20ರ ಭಾರತೀಯ ಜೈಲುಗಳ ಸಮಿತಿ ಒತ್ತಿ ಹೇಳಿತು. ಅದರ ಬೆನ್ನಿಗೇ ಮದರಾಸು 1920ರಲ್ಲಿ, ಬಂಗಾಲ 1922ರಲ್ಲಿ, ಮುಂಬಯಿ 1924ರಲ್ಲಿ ಮಕ್ಕಳ ಕಾಯಿದೆಗಳನ್ನು ಮಾಡಿದವು. ಮುಂಬಯಿ ಪ್ರಾಂತ 1929ರಲ್ಲಿ ಬೋರ್ಸ್ಟಲ್ ಶಾಲೆಗಳ ಕಾಯಿದೆಯನ್ನೂ ತಂದಿತು. ಧಾರವಾಡದಲ್ಲಿ ಅಂಥದೊಂದು ಶಾಲೆ ನಡೆಯಿತು. ಹದಿಹರೆಯದ ಅಪರಾಧಿಗೆ ಶಿಸ್ತು ಮತ್ತು ಕಸುಬು ಕಲಿಸಿ ಹೊರಗೆ ಕಳಿಸುವುದು ಬೋರ್ಸ್ಟಲ್‌ನ ಕಲ್ಪನೆ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಒಂದು ಹಳ್ಳಿಯಿಂದ ಆ ಹೆಸರು ಬಂತು.

ವಯಸ್ಸಿನ ಗೆರೆ

ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅದು ಅಪರಾಧವಲ್ಲ ಎಂದು 1860ರ ಭಾರತೀಯ ದಂಡ ಸಂಹಿತೆ ಹೇಳಿತ್ತು. ಏಳರಿಂದ ಹನ್ನೆರಡರವರೆಗೆ ಮಗುವಿನ ತಿಳಿವಳಿಕೆಯನ್ನು ನೋಡಬೇಕಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯೂ ಈ ಎರಡು ಮಾತುಗಳನ್ನು ಹಾಗೆಯೇ ಉಳಿಸಿಕೊಂಡಿದೆ.

ಇಡೀ ದೇಶಕ್ಕೆ ಒಂದೇ ಬಾಲ ನ್ಯಾಯ ಕಾಯಿದೆ ಬಂದದ್ದು 1986ರಲ್ಲಿ. ಅದರಂತೆ ಹುಡುಗನಿಗೆ ಹದಿನಾರು, ಹುಡುಗಿಗೆ ಹದಿನೆಂಟು ಗಡಿ. ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿಗೆ ನೀಡಿದ ಮೇಲೆ, 2000ದ ಕಾಯಿದೆ ಇಬ್ಬರಿಗೂ ಹದಿನೆಂಟನ್ನೇ ಗೊತ್ತುಮಾಡಿತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರ, ಕೊಲೆಯ ಆರೋಪಿಗಳಲ್ಲಿ ಒಬ್ಬ ಹದಿನೆಂಟು ತುಂಬದವನಾಗಿದ್ದ. ಆತನಿಗೆ ಮೂರು ವರ್ಷ ಸುಧಾರಣಾ ಗೃಹವೇ ಗರಿಷ್ಠ ಎಂದು ತಿಳಿದಾಗ ದೇಶ ಕೆರಳಿತು. 2016ರ ಜನವರಿ 15ರಿಂದ ಜಾರಿಗೆ ಬಂದ ಈಗಿನ ಕಾಯಿದೆಗೆ ಹಿನ್ನೆಲೆಯಾದದ್ದು ಆ ಸಿಟ್ಟೇ.

ಈ ಕಾಯಿದೆಯಂತೆ ಹದಿನಾರು ತುಂಬದವನು ಕೊಲೆ ಮಾಡಿದರೂ ವಿಶೇಷ ಗೃಹದಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಹದಿನಾರರಿಂದ ಹದಿನೆಂಟರ ನಡುವಿನವನ ಮೇಲೆ ಘೋರ ಅಪರಾಧದ, ಅಂದರೆ ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಅಪರಾಧದ ಆರೋಪವಿದ್ದರೆ, ಬಾಲ ನ್ಯಾಯ ಮಂಡಳಿ ಮೊದಲು ಪ್ರಾಥಮಿಕ ಮೌಲ್ಯಮಾಪನ ನಡೆಸುತ್ತದೆ. ಒಬ್ಬ ಮ್ಯಾಜಿಸ್ಟ್ರೇಟ್ ಹಾಗೂ ಇಬ್ಬರು ಸಮಾಜ ಸೇವಕರು ಮಂಡಳಿಯಲ್ಲಿರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಹುಡುಗನಿಗೆ ಕೃತ್ಯ ನಡೆಸುವ ಶಕ್ತಿ ಇತ್ತೇ, ಪರಿಣಾಮದ ಅರಿವಿತ್ತೇ, ಯಾವ ಸಂದರ್ಭದಲ್ಲಿ ಅದು ನಡೆಯಿತು ಎಂಬುದನ್ನು ಅವರು ನೋಡಬೇಕು. ಅಗತ್ಯವೆನಿಸಿದರೆ ವಯಸ್ಕನಂತೆ ವಿಚಾರಣೆ ನಡೆಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿಯೂ ಮರಣದಂಡನೆಯಿಲ್ಲ, ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯೂ ಇಲ್ಲ. ಇಪ್ಪತ್ತೊಂದು ತುಂಬುವವರೆಗೆ ಜೈಲೂ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಮಗುವೊಂದು ಏಟು ತಿಂದು ಸತ್ತಾಗ ಅದು ಕೊಲೆಯೋ, ಕೊಲೆಯಲ್ಲದ ನರಹತ್ಯೆಯೋ ಎಂಬುದೇ ದಾರಿಯನ್ನು ನಿರ್ಧರಿಸುತ್ತದೆ. ಕೊಲೆಗೆ ಕನಿಷ್ಠ ಶಿಕ್ಷೆ ಜೀವಾವಧಿ. ಹಾಗಾಗಿ ಅದು ಘೋರ. ನರಹತ್ಯೆಗೆ ಏಳು ವರ್ಷದ ಕನಿಷ್ಠ ಮಿತಿಯಿಲ್ಲ. ಅಂಥ ಅಪರಾಧ ಗಂಭೀರವೇ ಹೊರತು ಘೋರವಲ್ಲ ಎಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ತೀರ್ಪಿತ್ತಿತು. ಅಂಥ ಪ್ರಕರಣ ಮಂಡಳಿಯಲ್ಲೇ ಮುಗಿಯುತ್ತದೆ.

ವಯಸ್ಸಿನ ದಾಖಲೆಯೂ ಅಷ್ಟೇ ಮುಖ್ಯ. ಕೃತ್ಯ ನಡೆದ ದಿನದ ವಯಸ್ಸೇ ಲೆಕ್ಕಕ್ಕೆ ಬರುತ್ತದೆ. ಶಾಲೆಯ ದಾಖಲೆ ಮೊದಲು, ಅದಿಲ್ಲವಾದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ. ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಜೂನ್ 1 ಎಂದು ಬರೆದುಕೊಂಡ ಹುಟ್ಟಿದ ದಿನ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನರದು. ಆ ಅಂದಾಜೇ ಮುಂದೊಂದು ದಿನ ಹುಡುಗನೊಬ್ಬನ ದಾರಿ ಗೊತ್ತುಮಾಡಬಹುದು.

ಗುರುಗ್ರಾಮದ ಪಾಠ

2017ರ ಸೆಪ್ಟೆಂಬರ್ 8ರಂದು ಹರಿಯಾಣದ ಗುರುಗ್ರಾಮದ ಖಾಸಗಿ ಶಾಲೆಯೊಂದರ ಶೌಚಾಲಯದಲ್ಲಿ ಏಳು ವರ್ಷದ ಬಾಲಕನೊಬ್ಬ ಕತ್ತು ಕೊಯ್ದ ಸ್ಥಿತಿಯಲ್ಲಿ ಸಿಕ್ಕ. ಅಂದೇ ಪೊಲೀಸರು ಶಾಲಾ ಬಸ್ಸಿನ ಕಂಡಕ್ಟರನನ್ನು ಬಂಧಿಸಿದರು. ಆತ ತಪ್ಪೊಪ್ಪಿಕೊಂಡಿದ್ದಾನೆಂದೂ ಹೇಳಿದರು. ತನಿಖೆ ಸಿಬಿಐ ಕೈಗೆ ಹೋದ ಮೇಲೆ ಚಿತ್ರವೇ ಬದಲಾಯಿತು. ನವೆಂಬರಿನಲ್ಲಿ ಅದೇ ಶಾಲೆಯ ಹನ್ನೊಂದನೆಯ ತರಗತಿಯ ವಿದ್ಯಾರ್ಥಿಯೊಬ್ಬನನ್ನು ಸಿಬಿಐ ವಶಕ್ಕೆ ತೆಗೆದುಕೊಂಡಿತು. ಪರೀಕ್ಷೆ ಮತ್ತು ಪಾಲಕರ ಸಭೆ ಮುಂದೆ ಹೋಗಲೆಂದು ಕೊಂದ ಎಂಬುದು ಅದರ ಆರೋಪ. ಕಂಡಕ್ಟರ್ 2018ರಲ್ಲಿ ಆರೋಪಮುಕ್ತನಾದ.

ಆ ವಿದ್ಯಾರ್ಥಿಯನ್ನು ವಯಸ್ಕನಂತೆ ವಿಚಾರಿಸಬೇಕೆಂದು ಮಂಡಳಿ 2017ರ ಡಿಸೆಂಬರಿನಲ್ಲಿ ಹೇಳಿತು. ಹೈಕೋರ್ಟು ಅದನ್ನು ರದ್ದುಪಡಿಸಿ ಹೊಸದಾಗಿ ಪರಿಶೀಲಿಸಲು ಸೂಚಿಸಿತು. 2022ರ ಜುಲೈ 13ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಬುದ್ಧಿ ಚುರುಕಾಗಿದೆ ಎಂದಮಾತ್ರಕ್ಕೆ ಪರಿಣಾಮ ಅರಿಯುವ ಪ್ರೌಢತೆ ಇದೆ ಎನ್ನಲಾಗದು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂಬುದು ಅದರ ಸಾರ. ಅದೇ ವರ್ಷ ಅಕ್ಟೋಬರಿನಲ್ಲಿ ಮಂಡಳಿ ಮತ್ತೆ ಪರಿಶೀಲಿಸಿ, ವಯಸ್ಕನಂತೆ ವಿಚಾರಣೆಯೇ ಸರಿ ಎಂದಿತು. ಮಗುವನ್ನು ಕಳೆದುಕೊಂಡ ತಂದೆತಾಯಿಗೆ ಈ ಐದು ವರ್ಷ ಹೋದದ್ದು ವಿಚಾರಣೆ ಎಲ್ಲಿ ನಡೆಯಬೇಕೆಂಬ ಪ್ರಶ್ನೆಯಲ್ಲೇ.

ಹೆಸರಿಲ್ಲದ ಇಬ್ಬರು

ಕಾಯಿದೆಯ 74ನೆಯ ಕಲಮು ಆರೋಪ ಹೊತ್ತ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪ್ರಕಟಿಸಬಾರದು ಎನ್ನುತ್ತದೆ. ನೊಂದ ಮಗುವಿಗೂ ಅದೇ ರಕ್ಷಣೆಯಿದೆ. ಮೀರಿದರೆ ಆರು ತಿಂಗಳ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹೆಸರು ಮುಚ್ಚಿದರೂ ಪ್ರಶ್ನೆ ಮುಚ್ಚಿಹೋಗುವುದಿಲ್ಲ. ಪರಿವೀಕ್ಷಣಾಧಿಕಾರಿ ಬರೆಯಬೇಕಾದ ಸಾಮಾಜಿಕ ತನಿಖಾ ವರದಿಯಲ್ಲಿ, ಈ ಹುಡುಗ ತಾನೇ ಹಿಂಸೆಗೆ ಗುರಿಯಾಗಿದ್ದನೇ, ಶಾಲೆ ಬಿಟ್ಟಿದ್ದನೇ, ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬ ಕಲಮುಗಳಿವೆ. ಅವುಗಳ ಉತ್ತರ ಮೊದಲು ಗೊತ್ತಿರುವುದು ನೆರೆಮನೆಯವರಿಗೆ, ಮಾಸ್ತರರಿಗೆ, ಅಂಗನವಾಡಿ ಕಾರ್ಯಕರ್ತೆಗೆ. ಮಗುವಿನ ಮೈಮೇಲೆ ಬರೆ ಕಂಡಾಗ 1098ಕ್ಕೆ ಫೋನ್ ಮಾಡಬಹುದು. ಲೈಂಗಿಕ ಹಿಂಸೆಯ ಸುಳಿವು ಸಿಕ್ಕರೆ ತಿಳಿಸುವುದು 2012ರ ಪೋಕ್ಸೊ ಕಾಯಿದೆಯಂತೆ ಕಡ್ಡಾಯ.

ಅಣಿಮಾಂಡವ್ಯನ ಕಥೆಯಲ್ಲಿ ಎರಡು ಅನ್ಯಾಯಗಳಿವೆ. ಬಾಲ್ಯದ ತಪ್ಪಿಗೆ ಅಳತೆ ಮೀರಿದ ಶಿಕ್ಷೆ ಒಂದು. ಅವಸರದಲ್ಲಿ ನಿರಪರಾಧಿಯನ್ನು ಶೂಲಕ್ಕೇರಿಸಿದ್ದು ಇನ್ನೊಂದು. ಗುರುಗ್ರಾಮದ ಕಂಡಕ್ಟರ್ ಎರಡನೆಯದನ್ನು ಅನುಭವಿಸಿದ. ಮೊದಲನೆಯದು ಆಗದಿರಲೆಂದು ಮಂಡಳಿಗಳಿವೆ. ಅವು ಆ ಹುಡುಗನನ್ನು ನೋಡುವಾಗ ಸತ್ತ ಮಗುವನ್ನು ಮರೆಯಬಾರದು, ಸತ್ತ ಮಗುವಿಗಾಗಿ ಮರುಗುವವರು ಆ ಹುಡುಗನ ವಯಸ್ಸನ್ನು ಮರೆಯಬಾರದು.