ರೇಸ್ ಸೈಕಲ್ಲಿಗೆ ಎಷ್ಟು ಹಣ?

ನರಗುಂದ, ರೋಣ, ಗಜೇಂದ್ರಗಡ ಈ ಮೂರೂ ಊರುಗಳು ಭೂಪಟದಲ್ಲಿ ಒಂದೇ ದಾರಕ್ಕೆ ಪೋಣಿಸಿದಂತೆ ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿವೆ. ಮುಂಗಾರಿನ ನಾಲ್ಕು ತಿಂಗಳು ಗಾಳಿ ಬೀಸುವುದೂ ಬಹುಮಟ್ಟಿಗೆ ಇದೇ ದಿಕ್ಕಿನಲ್ಲಿ. ಆಷಾಢದಲ್ಲಿ ನರಗುಂದದಿಂದ ಹೊರಟ ಸೈಕಲ್ ಸವಾರನು ಪೂರ್ವಾಭಿಮುಖವಾಗಿ ಸಾಗುವಾಗ ತನ್ನ ಕಾಲಿನ ಬಲಕ್ಕೆ ತಾನೇ ಬೆರಗಾಗುತ್ತಾನೆ. ಗಜೇಂದ್ರಗಡದಿಂದ ಹಿಂದಿರುಗುವಾಗ ಆ ಬಲದ ಬಹುಪಾಲು ಗಾಳಿಯದಾಗಿತ್ತೆಂಬುದು ಅವನಿಗೆ ತಿಳಿಯುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿದವರು ಸುಮ್ಮನೆ ನಿಲ್ಲಿಸಿಲ್ಲ. ಈ ಭಾಗದಲ್ಲಿ ರೇಸ್ ಸೈಕಲ್ ಕೊಳ್ಳುವವನು ಅಂಗಡಿಯ ಬೆಲೆಪಟ್ಟಿಯನ್ನು ನೋಡುವ ಮೊದಲು ಈ ಗಾಳಿಯನ್ನೂ ಈ ಎರೆನೆಲವನ್ನೂ ನೋಡಬೇಕು.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಸೈಕಲ್ಲಿನ ಉಸಾಬರಿ ಏಕೆಂದು ಕೆಲವರಿಗೆ ಅನ್ನಿಸಬಹುದು. ಮೇಷ್ಟರಾದವರಿಗೆ ಎಲ್ಲವೂ ಗೊತ್ತಿರುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. “ಸರ್, ಹುಡುಗಗ ರೇಸಿನ ಸೈಕಲ್ ಕೊಡಸಬೇಕಂತ ಮಾಡೇನ್ರಿ. ಲಕ್ಷ ರೂಪಾಯಿದ ಬೇಕಂತಾನ್ರಿ. ಕೊಡಸಲೇನ್ರಿ?” ಎಂದು ಕೇಳುವ ತಂದೆಯ ಕಣ್ಣಿನಲ್ಲಿ ಆಸೆ ಎಷ್ಟಿರುತ್ತದೆಯೋ ಅಂಜಿಕೆಯೂ ಅಷ್ಟೇ ಇರುತ್ತದೆ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ಸೈಕಲ್ ಓಟಕ್ಕೆ ಹೆಸರಾದ ಸೀಮೆ. ಇಲ್ಲಿಯ ಕ್ರೀಡಾ ವಸತಿನಿಲಯಗಳಲ್ಲಿ ಕಲಿತವರು ರಾಷ್ಟ್ರಮಟ್ಟದಲ್ಲಿ ಪದಕ ಗಳಿಸಿದ್ದಾರೆ; ಜಾತ್ರೆಗಳಲ್ಲಿಯೂ ಸೈಕಲ್ ಸ್ಪರ್ಧೆ ನಡೆಯುವುದುಂಟು. ಆದುದರಿಂದ ಒಬ್ಬ ಒಕ್ಕಲಿಗನ ಮಗ ಅಥವಾ ಮಗಳು ಇಂಥ ಸೈಕಲ್ ಕೇಳಿದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಹಾಗೆಂದು ಉಳ್ಳಾಗಡ್ಡಿಯ ಮುಂದಿನ ಪೀಕನ್ನು ನಂಬಿ ಸಾಲ ತೆಗೆಯುವಂತೆಯೂ ಇಲ್ಲ. ಉಳ್ಳಾಗಡ್ಡಿಯ ದರ ಯಾರ ಮಾತನ್ನೂ ಕೇಳಿದ್ದಲ್ಲ.

ರೇಸ್ ಸೈಕಲ್ಲಿಗೂ ನಮ್ಮ ಹಳೆಯ ಅಟ್ಲಾಸ್, ಹೀರೋಗಳಿಗೂ ಇರುವ ಮುಖ್ಯ ಭೇದ ತೂಕದ್ದೆಂದು ಬಹಳ ಜನ ತಿಳಿದಿದ್ದಾರೆ. ನಿಜವಾದ ಭೇದ ಇರುವುದು ಕುಳಿತುಕೊಳ್ಳುವ ಭಂಗಿಯಲ್ಲಿ. ಸಪಾಟು ರಸ್ತೆಯಲ್ಲಿ ಗಂಟೆಗೆ ೩೦ ಕಿ.ಮೀ. ವೇಗದಲ್ಲಿ ಹೋಗುವವನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಆ ಗಾಳಿಯನ್ನು ತಡೆಯುವುದು ಸೈಕಲ್ಲಿಗಿಂತ ಹೆಚ್ಚಾಗಿ ಸವಾರನ ಎದೆ ಮತ್ತು ತೋಳುಗಳು. ಕೆಳಕ್ಕೆ ಬಾಗಿದ ಹ್ಯಾಂಡಲ್ ಇರುವುದು ಮೈಯನ್ನು ಬಗ್ಗಿಸುವುದಕ್ಕಾಗಿ. ೧೯೭೨ರಲ್ಲಿ ಬೆಲ್ಜಿಯಂ ದೇಶದ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಉಕ್ಕಿನ ಸೈಕಲ್ಲಿನ ಮೇಲೆ ಒಂದು ಗಂಟೆಯಲ್ಲಿ ೪೯.೪೩೧ ಕಿ.ಮೀ. ಕ್ರಮಿಸಿದ್ದ. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ೧೯೯೬ರಲ್ಲಿ ತೋಳುಗಳನ್ನು ಮುಂದಕ್ಕೆ ನೀಳವಾಗಿ ಚಾಚಿದ ಹೊಸ ಭಂಗಿಯಲ್ಲಿ ಕುಳಿತು ಅದೇ ಒಂದು ಗಂಟೆಯಲ್ಲಿ ೫೬.೩೭೫ ಕಿ.ಮೀ. ಮುಟ್ಟಿದ. ಅವನೇ ೨೦೦೦ದಲ್ಲಿ ಮರ್ಕ್ಸನ ಕಾಲದ ಮಾದರಿಯ ಸೈಕಲ್ಲನ್ನು ಹತ್ತಿ, ಹಳೆಯ ಭಂಗಿಯಲ್ಲೇ ಓಡಿಸಿದಾಗ ಕ್ರಮಿಸಿದ್ದು ೪೯.೪೪೧ ಕಿ.ಮೀ.; ಮರ್ಕ್ಸನಿಗಿಂತ ಕೇವಲ ೧೦ ಮೀಟರ್ ಹೆಚ್ಚು. ಇಪ್ಪತ್ತೆಂಟು ವರ್ಷಗಳಲ್ಲಿ ಲೋಹಶಾಸ್ತ್ರ ಬಹಳ ಮುಂದುವರಿದಿತ್ತು. ಆದರೆ ಗಾಳಿ ಕೇಳುವುದು ಭಂಗಿಯನ್ನು.

ಬಾಗಿದ ಹ್ಯಾಂಡಲ್ ಅತ್ಯಂತ ಅಗ್ಗದ ರೇಸ್ ಸೈಕಲ್ಲಿಗೂ ಇರುತ್ತದೆ. ಆದರೆ ಮೈಗೆ ಹೊಂದದ ಸೈಕಲ್ಲಿನ ಮೇಲೆ ಬಗ್ಗಿ ಕುಳಿತುಕೊಳ್ಳಲು ಯಾರಿಂದಲೂ ಆಗದು. ನಮ್ಮ ಬಾಲ್ಯದಲ್ಲಿ ಅಪ್ಪನ ದೊಡ್ಡ ಸೈಕಲ್ಲನ್ನು ಒಳಪೆಡಲ್ ಹಾಕಿ ಕಲಿತೆವು. ಆ ಉಪಾಯ ಇಲ್ಲಿ ನಡೆಯದು. ಹುಡುಗ ಬೆಳೆಯುತ್ತಾನೆ, ಒಂದು ಅಳತೆ ದೊಡ್ಡದೇ ಇರಲಿ ಎನ್ನುವುದು ಅಂಗಿ ಹೊಲಿಸುವಾಗ ಸರಿ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲ್ ಅತ್ಯಂತ ಕೆಳಗೆ ಬಂದ ಸ್ಥಿತಿಯಲ್ಲಿ, ಕಾಲು ನೆಟ್ಟಗಾಗಬೇಕು. ಹ್ಯಾಂಡಲ್ ಹಿಡಿದಾಗ ಮೊಣಕೈ ತುಸು ಮಡಿಚಿರಬೇಕು. ಸೀಟನ್ನು ಏರಿಸಬಹುದು, ಇಳಿಸಬಹುದು. ಚೌಕಟ್ಟಿನ ಉದ್ದವನ್ನು ಮಾತ್ರ ಆಮೇಲೆ ತಿದ್ದಲಾಗದು. ಆದಕಾರಣ ಮಗುವನ್ನು ಜೊತೆಗೆ ಕರೆದುಕೊಂಡು ಹುಬ್ಬಳ್ಳಿಗೆ ಹೋಗಿ, ಎರಡು ಮೂರು ಅಳತೆಗಳ ಮೇಲೆ ಕೂರಿಸಿ ನೋಡುವುದಕ್ಕೆ ತಗಲುವ ಬಸ್ಸಿನ ಖರ್ಚನ್ನು ಉಳಿಸಬಾರದು.

ಇನ್ನು ನೆಲದ ಮಾತು. ಟೈರಿನ ವಿಷಯದಲ್ಲಿ ಪರದೇಶದ ಸಲಹೆಗಳನ್ನು ನಂಬಿ ಕೆಟ್ಟವರುಂಟು. ಟೈರು ಸಪೂರವಾದಷ್ಟೂ, ಹವಾ ಗಟ್ಟಿಯಾದಷ್ಟೂ ವೇಗ ಹೆಚ್ಚೆಂಬುದು ಹಳೆಯ ನಂಬಿಕೆ. ನುಣುಪಾದ ಹಾದಿಯಲ್ಲಿ ಅದರಲ್ಲಿ ಸತ್ಯಾಂಶವಿದೆ. ಜಲ್ಲಿ ಎದ್ದ ತಾಲೂಕಾ ರಸ್ತೆಯಲ್ಲಿ ಗಟ್ಟಿ ಟೈರು ಪುಟಿಯುತ್ತದೆ. ಪುಟಿದಾಗಲೆಲ್ಲ ಮುಂದಕ್ಕೆ ಹೋಗಬೇಕಾದ ಬಲ ಮೇಲಕ್ಕೆ ಹೋಗಿ ವ್ಯರ್ಥವಾಗುತ್ತದೆ, ಸವಾರನ ಬೆನ್ನೂ ನೋಯುತ್ತದೆ. ನಮ್ಮ ಕಡೆಗೆ ೨೮ ಮಿ.ಮೀ. ಅಗಲದ ಟೈರು ಒಳ್ಳೆಯದು, ೩೨ ಹಿಡಿಸಿದರೆ ಇನ್ನೂ ಒಳ್ಳೆಯದು. ೬೦ ಕೆ.ಜಿ. ತೂಕದ ಸವಾರನಿಗೆ ೨೮ರ ಟೈರಿನಲ್ಲಿ ೭೦ರಿಂದ ೮೦ ಪೌಂಡು ಹವಾ ಸಾಕು. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದರೆ ಎರೆಮಣ್ಣು ಗಾಲಿಗೂ ಬ್ರೇಕಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಟೈರಿನ ಮೇಲೆ ಕಿರುಬೆರಳು ತೂರುವಷ್ಟು ಸಂದು ಇದೆಯೇ ಎಂದು ಅಂಗಡಿಯಲ್ಲಿಯೇ ಬೆರಳಿಟ್ಟು ನೋಡಬೇಕು. ರಸ್ತೆಯ ಇಕ್ಕೆಲದ ಬಳ್ಳಾರಿ ಜಾಲಿಯ ಮುಳ್ಳಂತೂ ಟೈರಿನ ಬೆಲೆಯನ್ನು ವಿಚಾರಿಸಿ ಚುಚ್ಚುವುದಿಲ್ಲ. ಎರಡು ಹೆಚ್ಚಿನ ಟ್ಯೂಬು, ತೇಪೆಯ ಸಾಮಾನು, ಸಣ್ಣ ಪಂಪು ಇಲ್ಲದೆ ಊರ ಹೊರಗೆ ಹೋಗಕೂಡದು. ಮತ್ತೊಂದು ಚಿಕ್ಕ ಸಂಗತಿ: ರೇಸ್ ಸೈಕಲ್ಲಿನ ಸಪೂರ ವಾಲ್ವಿಗೆ ನಮ್ಮ ಪಂಚರ್ ಅಂಗಡಿಯ ಪಂಪು ಕೂಡುವುದಿಲ್ಲ. ಅದಕ್ಕೊಂದು ಹಿತ್ತಾಳೆಯ ಸಣ್ಣ ಜೋಡಣೆ ಸಿಗುತ್ತದೆ. ಐವತ್ತು ನೂರು ರೂಪಾಯಿಯ ಆ ವಸ್ತು ಕಿಸೆಯಲ್ಲಿಲ್ಲದ್ದಕ್ಕೆ ಐವತ್ತು ಸಾವಿರದ ಸೈಕಲ್ಲನ್ನು ದಬ್ಬಿಕೊಂಡು ನಡೆಯಬೇಕಾಗುತ್ತದೆ.

ಗೇರುಗಳ ವಿಚಾರವನ್ನು ಲೆಕ್ಕದಿಂದ ತಿಳಿಯುವುದು ಸುಲಭ. ಹಳೆಯ ದೊಡ್ಡ ಸೈಕಲ್ಲಿನಲ್ಲಿ ಮುಂದೆ ೪೪ ಹಲ್ಲು, ಹಿಂದೆ ೧೮ ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು ೫.೪ ಮೀಟರ್ ಸಾಗುತ್ತದೆ. ಏರಿರಲಿ, ಇಳಿಜಾರಿರಲಿ ಅದೊಂದೇ ಗತಿ. ರೇಸ್ ಸೈಕಲ್ಲಿನಲ್ಲಿ ಮುಂದೆ ೫೦ ಮತ್ತು ೩೪, ಹಿಂದೆ ೧೧ರಿಂದ ೩೨ ಹಲ್ಲುಗಳಿದ್ದರೆ ಈ ದೂರ ಸುಮಾರು ೨.೨ ಮೀಟರಿನಿಂದ ೯.೫ ಮೀಟರಿನವರೆಗೆ ಬದಲಾಗುತ್ತದೆ. ನರಗುಂದದ ಬಯಲಿನಲ್ಲಿ ಇದರ ಬೆಲೆ ತಿಳಿಯುವುದು ಎದುರುಗಾಳಿಯಲ್ಲಿ, ಗಜೇಂದ್ರಗಡದ ಕಡೆ ಏರಿನಲ್ಲಿ. ಒಟ್ಟು ಎಷ್ಟು ಗೇರು ಎಂದು ಎಣಿಸುವುದಕ್ಕಿಂತ ಅತ್ಯಂತ ಹಗುರಾದ ಗೇರು ಯಾವುದೆಂದು ಕೇಳುವುದು ಲೇಸು.

ಈಗ ಬೆಲೆ. ಇಂದಿನ ಪೇಟೆಯಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ, ಶಿಮಾನೊ ಕಂಪನಿಯ ಟೂರ್ನಿ ದರ್ಜೆಯ ಗೇರಿನ ಸೈಕಲ್ಲು ಸುಮಾರು ೨೫ರಿಂದ ೩೫ ಸಾವಿರ ರೂಪಾಯಿಗೆ ಸಿಗುತ್ತದೆ. ಹಿಂದೆ ಎಂಟು ಹಲ್ಲುಚಕ್ರಗಳ ಕ್ಲಾರಿಸ್ ದರ್ಜೆಗೆ ೪೦ರಿಂದ ೫೫ ಸಾವಿರ. ಒಂಬತ್ತರ ಸೋರಾಕ್ಕೆ ಅದಕ್ಕೂ ಮೇಲೆ. ಕಾರ್ಬನ್ ಚೌಕಟ್ಟೆಂದರೆ ಲಕ್ಷ ದಾಟಿತು. ಮೊದಲ ಮೆಟ್ಟಿಲಿನ ಸೈಕಲ್ಲುಗಳಲ್ಲಿ ಕೆಲವಕ್ಕೆ ಹಿಂದಿನ ಗಾಲಿಗೆ ತಿರುಪಿನಿಂದ ಕೂರಿಸುವ ಹಳೆಯ ಬಗೆಯ ಫ್ರೀವೀಲ್ ಇರುತ್ತದೆ. ಅದರಲ್ಲಿ ಬಲಗಡೆಯ ಬೇರಿಂಗು ಒಳಸರಿದಿರುವುದರಿಂದ ಕೆಟ್ಟ ರಸ್ತೆಯಲ್ಲಿ ಅಚ್ಚು ಬಾಗುವುದುಂಟು. ನಾನು ತಂದೆತಾಯಿಯರಿಗೆ ಹೇಳುವುದಿಷ್ಟು: ಸಾಲವಿಲ್ಲದೆ ಕೈಗೂಡುವುದಾದರೆ ಕ್ಲಾರಿಸ್ ದರ್ಜೆಯವರೆಗೆ ಹೋಗಿರಿ, ಆಗದಿದ್ದರೆ ಟೂರ್ನಿಯೇ ಸಾಕು. ಎರಡು ವರ್ಷದ ಅಭ್ಯಾಸಕ್ಕೆ ಅದು ಅಡ್ಡಿಯಾಗದು. ಹಣವನ್ನು ಐದು ಪಾಲು ಮಾಡಿ ನಾಲ್ಕನ್ನು ಸೈಕಲ್ಲಿಗೆ ಕೊಡಿರಿ. ಐದನೆಯದು ಹೆಲ್ಮೆಟ್ಟು, ದೀಪ, ಟ್ಯೂಬು, ಮಾಪಕವಿರುವ ಪಂಪು, ಮುಂದಿನ ಚೈನು ಇವುಗಳಿಗೆ ಮೀಸಲಾಗಿರಲಿ.

ಹಾಗಾದರೆ ಲಕ್ಷದ ಸೈಕಲ್ಲಿನಿಂದ ಬರುವ ಲಾಭವೇನು? ೬೦ ಕೆ.ಜಿ.ಯ ಹುಡುಗ ೧೧ ಕೆ.ಜಿ.ಯ ಸೈಕಲ್ಲನ್ನು ಬಿಟ್ಟು ೯ ಕೆ.ಜಿ.ಯದನ್ನು ಹತ್ತಿದನೆನ್ನೋಣ. ಒಟ್ಟು ತೂಕದಲ್ಲಿ ಕಡಿಮೆಯಾದದ್ದು ನೂರಕ್ಕೆ ಮೂರರಷ್ಟು. ಹತ್ತು ನಿಮಿಷದ ಕಡಿದಾದ ಏರಿನಲ್ಲಿ ಅದು ಸುಮಾರು ೧೫ ಸೆಕೆಂಡು ಉಳಿಸೀತು. ಸಪಾಟು ನೆಲದಲ್ಲಿ ಬಹುತೇಕ ಏನೂ ಇಲ್ಲ. ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ೧೫ ಸೆಕೆಂಡಿಗೆ ಬೆಲೆಯಿದೆ, ಒಪ್ಪುತ್ತೇನೆ. ಆ ಮಟ್ಟಕ್ಕೆ ಏರಿದ ಮಗುವಿಗೆ ಎಂಥ ಸೈಕಲ್ ಬೇಕೆಂಬುದನ್ನು ಆಗ ತರಬೇತುದಾರರೇ ಹೇಳುತ್ತಾರೆ. ಕ್ರೀಡಾ ವಸತಿನಿಲಯದ ಆಸೆಯುಳ್ಳವರು ಸೈಕಲ್ ಕೊಳ್ಳುವ ಮೊದಲೇ ಅಲ್ಲಿಗೆ ಹೋಗಿ ಅವರನ್ನು ಕಂಡು ಮಾತಾಡಿ ಬರುವುದು ಒಳಿತು.

ಹಳೆಯ ಸೈಕಲ್ಲನ್ನು ಕೊಳ್ಳುವುದರಲ್ಲಿ ಹೀನತೆಯೇನೂ ಇಲ್ಲ. ಅಲ್ಯೂಮಿನಿಯಂ ಚೌಕಟ್ಟಾದರೆ ಬೆಸುಗೆಯ ಜಾಗಗಳಲ್ಲಿ ಕೂದಲಿನಂಥ ಬಿರುಕಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಬೇಕು. ಕಾರ್ಬನ್ನಿನಲ್ಲಿ ಬಿದ್ದ ಪೆಟ್ಟು ಬಣ್ಣದ ಕೆಳಗೆ ಅಡಗಿರುತ್ತದೆ. ಆದ್ದರಿಂದ ಅದನ್ನು ಅರಿಯದವರ ಕೈಯಿಂದ, ಅರಿಯದವರು ಕೊಳ್ಳದಿರುವುದೇ ಕ್ಷೇಮ. ಹೊಸದಾದರೆ ಮೊದಲ ಇನ್ನೂರು ಮುನ್ನೂರು ಕಿ.ಮೀ. ಓಡಿದ ಮೇಲೆ ಗಾಲಿಯ ಕಡ್ಡಿಗಳೂ ಗೇರಿನ ತಂತಿಗಳೂ ತುಸು ಸಡಿಲುತ್ತವೆ. ಆಗ ಒಮ್ಮೆ ಅಂಗಡಿಗೆ ಒಯ್ದು ಬೆಂಡು ತೆಗೆಸಿ, ತಂತಿ ಬಿಗಿ ಮಾಡಿಸಿಕೊಂಡು ಬರಬೇಕು. ಅನೇಕ ಅಂಗಡಿಗಳವರು ಆ ಮೊದಲ ರಿಪೇರಿಗೆ ಹಣ ಕೇಳುವುದಿಲ್ಲ. ಕೊಳ್ಳುವಾಗಲೇ ಅದನ್ನು ರಸೀದಿಯ ಮೇಲೆ ಬರೆಯಿಸಿಕೊಂಡಿರಬೇಕು.