ಒಂದೇ ತಂತ್ರಾಂಶ, ಮೂರು ಬೆರಳಚ್ಚು: ತಯಾರಿಕಾ ದಿನಾಂಕಕ್ಕೂ ಬೇಕು ಶಿಸ್ತು

ಬಂಟ್ವಾಳದ ಹೆಂಚಿನ ವ್ಯಾಪಾರಿ, ಬೆಳ್ತಂಗಡಿಯ ಅಡಿಕೆ ವರ್ತಕ, ಮೂಡುಬಿದಿರೆಯ ಗೇರುಬೀಜ ಉದ್ದಿಮೆದಾರ, ಈ ಮೂವರೂ ಒಬ್ಬನೇ ತಯಾರಕನಿಂದ ಬಿಲ್ಲಿಂಗ್ ತಂತ್ರಾಂಶವನ್ನು ಖರೀದಿಸಿದರೆಂದು ಭಾವಿಸೋಣ. ಮೂವರ ಗಣಕಯಂತ್ರಗಳಲ್ಲಿಯೂ ಆವೃತ್ತಿಯ ಸಂಖ್ಯೆ ಒಂದೇ. ಆದರೆ ತಂತ್ರಾಂಶದ ಕಡತಗಳನ್ನು ಹೋಲಿಸಿ ನೋಡಿದರೆ ಮೂರೂ ಬೇರೆ ಬೇರೆ! ಕಡತದಲ್ಲಿ ಯಾರಾದರೂ ಕೈಯಾಡಿಸಿರಬಹುದೇ? ಅಥವಾ ತಯಾರಕನು ಮೂರು ದಿನ ಮೂರು ಬಾರಿ ಅದನ್ನು ತಯಾರಿಸಿದ್ದರಿಂದ ದಿನಾಂಕಗಳಷ್ಟೇ ಬೇರೆಯಾಗಿವೆಯೇ? ಹೊರನೋಟಕ್ಕೆ ಇವೆರಡರ ನಡುವೆ ವ್ಯತ್ಯಾಸ ಕಾಣದು. ಲೆಕ್ಕಪತ್ರಗಳನ್ನೆಲ್ಲ ಗಣಕಯಂತ್ರಕ್ಕೆ ಒಪ್ಪಿಸಿರುವ ಇಂದಿನ ದಿನಗಳಲ್ಲಿ ಈ ಪ್ರಶ್ನೆಯನ್ನು ಉಪೇಕ್ಷಿಸುವಂತಿಲ್ಲ.

ಬೆರಳಚ್ಚು ವರ್ತಕರಿಗೆ ಹೊಸದಲ್ಲ

ಯಾವುದೇ ಕಡತಕ್ಕೆ 'ಹ್ಯಾಶ್' ಎಂಬ ಗಣಿತೀಯ ಬೆರಳಚ್ಚನ್ನು ಪಡೆಯಬಹುದು. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಬೆರಳಚ್ಚು ಸಂಪೂರ್ಣವಾಗಿ ಬದಲಾಗುತ್ತದೆ. ಜಿಎಸ್‌ಟಿಯ ಇ-ಇನ್‌ವಾಯ್ಸ್‌ನಲ್ಲಿ ಕಾಣುವ 64 ಅಕ್ಷರಗಳ ಐಆರ್‌ಎನ್ ಇದಕ್ಕೆ ಉತ್ತಮ ನಿದರ್ಶನ. ಮಾರಾಟಗಾರನ ಜಿಎಸ್‌ಟಿ ನೋಂದಣಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಹಾಗೂ ದಾಖಲೆಯ ಸಂಖ್ಯೆ ಈ ನಾಲ್ಕರಿಂದಲೇ ಅದು ಹುಟ್ಟುತ್ತದೆ. ಇಂದು ಲೆಕ್ಕ ಹಾಕಿದರೂ ನಾಳೆ ಲೆಕ್ಕ ಹಾಕಿದರೂ ಫಲ ಒಂದೇ. ನೋಂದಣಿಯಾದ ವೇಳೆಯನ್ನು ಸ್ವೀಕೃತಿಯ ದಿನಾಂಕವೆಂದು ಪ್ರತ್ಯೇಕವಾಗಿ ದಾಖಲಿಸಲಾಗುತ್ತದೆ. ಅದನ್ನು ಐಆರ್‌ಎನ್‌ನೊಳಗೆ ಬೆರೆಸುವುದಿಲ್ಲ. ತಂತ್ರಾಂಶ ತಯಾರಿಕೆಯಲ್ಲಿ ಬೇಕಾದ ಶಿಸ್ತೂ ಇದೇ.

ದಿನಾಂಕ ನುಸುಳುವ ಬಗೆ

ತಯಾರಕನು ಬರೆದ ಮೂಲ ಸಂಕೇತವನ್ನು 'ಕಂಪೈಲರ್' ಎಂಬ ಸಾಧನವು ಯಂತ್ರಕ್ಕೆ ಅರ್ಥವಾಗುವ ಕಡತವನ್ನಾಗಿ ಪರಿವರ್ತಿಸುತ್ತದೆ. ಈ ಕ್ರಿಯೆಗೆ 'ಬಿಲ್ಡ್' ಎಂದು ಹೆಸರು. ವಿಂಡೋಸ್‌ನ ಕಾರ್ಯಕಡತಗಳ ಶಿರೋಭಾಗದಲ್ಲಿ ತಯಾರಿಕೆಯ ವೇಳೆಯನ್ನು ಬರೆಯಲೆಂದೇ ಒಂದು ಸ್ಥಾನವಿದೆ. ಜಿಪ್ ಕಡತದಲ್ಲಿಯೂ ಒಳಗಿನ ಪ್ರತಿಯೊಂದು ಕಡತದ ದಿನಾಂಕ ಸೇರುತ್ತದೆ. ಹೀಗಾಗಿ ಒಂದೇ ಮೂಲ ಸಂಕೇತದಿಂದ ಬೆಳಿಗ್ಗೆ ಮಾಡಿದ ಬಿಲ್ಡ್‌ಗೂ ಸಂಜೆ ಮಾಡಿದ ಬಿಲ್ಡ್‌ಗೂ ಬೆರಳಚ್ಚು ಬೇರೆಯಾಗಿಬಿಡುತ್ತದೆ.

ಹಳೆಯ ಬಿಲ್ಲಿನ ಪ್ರತಿಯನ್ನು ಮತ್ತೆ ಮುದ್ರಿಸುವಾಗ ಯಾವ ವರ್ತಕನೂ ಅಂದಿನ ತಾರೀಕನ್ನು ಹಾಕುವುದಿಲ್ಲ. ಮೂಲ ಬಿಲ್ಲಿನ ತಾರೀಕೇ ಇರಬೇಕು. ತಂತ್ರಾಂಶಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ. ಬಿಲ್ಡ್ ನಡೆದ ಗಳಿಗೆಗಿಂತ ಮೂಲ ಸಂಕೇತವು ಕೊನೆಯದಾಗಿ ಬದಲಾದ ಗಳಿಗೆಯೇ ಮುಖ್ಯ.

ಪರಿಹಾರ

ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಬಳಗದಲ್ಲಿ 2013ರಲ್ಲಿ ಆರಂಭವಾದ 'ರಿಪ್ರೊಡ್ಯೂಸಿಬಲ್ ಬಿಲ್ಡ್ಸ್' ಯತ್ನವು ಇದಕ್ಕೊಂದು ಸರಳ ಸೂತ್ರವನ್ನು ರೂಪಿಸಿತು. 'ಸೋರ್ಸ್ ಡೇಟ್ ಇಪೋಕ್' ಎಂಬ ಹೆಸರಿನಲ್ಲಿ ಒಂದು ನಿಗದಿತ ಸಂಖ್ಯೆಯನ್ನು ಕೊಟ್ಟರೆ, ಅದನ್ನು ಮನ್ನಿಸುವ ಸಾಧನಗಳೆಲ್ಲ ಗಡಿಯಾರದತ್ತ ನೋಡದೆ ಅದನ್ನೇ ದಿನಾಂಕವೆಂದು ಬಳಸುತ್ತವೆ. 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆಯೇ ಆ ಸಂಖ್ಯೆ. ಗಿಟ್ ಬಳಸುವ ತಯಾರಕರು ಕೊನೆಯ ಬದಲಾವಣೆಯ ವೇಳೆಯನ್ನು ಅದರಿಂದಲೇ ಪಡೆಯಬಹುದು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಕಂಪೈಲರ್‌ನಲ್ಲಿ 'ಡಿಟರ್ಮಿನಿಸ್ಟಿಕ್' ಎಂಬ ಆಯ್ಕೆಯಿದೆ. ಆಗ ದಿನಾಂಕದ ಸ್ಥಾನದಲ್ಲಿ ಕಡತದ ಒಳತಿರುಳಿನಿಂದ ಪಡೆದ ಮೌಲ್ಯ ಕುಳಿತುಕೊಳ್ಳುತ್ತದೆ. ಆದರೆ ದಿನಾಂಕವನ್ನು ಸರಿಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಕಂಪೈಲರ್‌ನ ಆವೃತ್ತಿ, ಕಡತಗಳನ್ನಿರಿಸಿದ ಫೋಲ್ಡರ್‌ನ ಹೆಸರು, ಕಡತಗಳ ಅನುಕ್ರಮ ಇವೂ ಒಂದೇ ಆಗಿರಬೇಕು.

ಮಾರ್ಚ್ 31ರ ತೊಡಕು

ಈ ಎಣಿಕೆ ನಡೆಯುವುದು ಅಂತರರಾಷ್ಟ್ರೀಯ ವೇಳೆಯಂತೆ. ಭಾರತದ ವೇಳೆ ಅದಕ್ಕಿಂತ ಐದೂವರೆ ಗಂಟೆ ಮುಂದು. ನಮ್ಮಲ್ಲಿ 2024ರ ಏಪ್ರಿಲ್ 1ರ ನಡುರಾತ್ರಿ 12 ಗಂಟೆಯಾದಾಗ ಎಣಿಕೆಯ ಸಂಖ್ಯೆ 1711909800. ಅದನ್ನು ಅಂತರರಾಷ್ಟ್ರೀಯ ವೇಳೆಯಲ್ಲಿ ತೋರಿಸಿದರೆ ಮಾರ್ಚ್ 31ರ ಸಂಜೆ 6.30! ಹೊಸ ಆರ್ಥಿಕ ವರ್ಷಕ್ಕೆಂದು ಸಿದ್ಧಪಡಿಸಿದ ಆವೃತ್ತಿಯು ಹಳೆಯ ವರ್ಷದ ದಿನಾಂಕವನ್ನು ಹೊತ್ತಂತೆ ಕಾಣುತ್ತದೆ. ಆದ್ದರಿಂದ ದಿನಾಂಕದ ಜೊತೆಗೆ ಯಾವ ವೇಳೆಯೆಂಬುದನ್ನೂ ನಮೂದಿಸುವುದು ಕ್ಷೇಮ.

ಇದರಿಂದ ವರ್ತಕರಿಗೇನು?

ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕಸಹಿತ ದಾಖಲಾಗಬೇಕು, ಆ ದಾಖಲಾತಿಯನ್ನು ಸ್ಥಗಿತಗೊಳಿಸಲು ಸಾಧ್ಯವಾಗಬಾರದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಈ ಬಗ್ಗೆ ಹೇಳಲೇಬೇಕು. ಪಾಲುದಾರಿಕೆ ಸಂಸ್ಥೆಗಳಿಗಾಗಲಿ ಏಕವ್ಯಕ್ತಿ ಒಡೆತನದ ವ್ಯಾಪಾರಕ್ಕಾಗಲಿ ಈ ನಿಯಮ ಅನ್ವಯಿಸದು. ಮರುತಯಾರಿಕೆಗೆ ನಿಲುಕುವ ಬಿಲ್ಡ್ ಇರಲೇಬೇಕೆಂದು ಈ ನಿಯಮ ಹೇಳುವುದೂ ಇಲ್ಲ. ಆದರೆ ತಿದ್ದುಪಡಿಗಳನ್ನು ದಾಖಲಿಸುವ ತಂತ್ರಾಂಶವೇ ಅಸಲಿಯೆಂದು ತೋರಿಸಲಾಗದಿದ್ದರೆ ಆ ದಾಖಲೆಯ ಬೆಲೆಯೆಷ್ಟು?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಕೊಡಬೇಕಾದ ಪ್ರಮಾಣಪತ್ರದಲ್ಲಿ ಆ ದಾಖಲೆಯ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಬೆರಳಚ್ಚಿನ ಭಾಷೆಯನ್ನು ಕಾನೂನೂ ಒಪ್ಪಿಕೊಂಡಿದೆ ಎಂಬುದಕ್ಕೆ ಇದು ಸಾಕ್ಷಿ.

ಅಪಾಯವೂ ಕಾಲ್ಪನಿಕವಲ್ಲ. 2020ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದ ಅಮೆರಿಕದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ದುಷ್ಕರ್ಮಿಗಳು ಬಿಲ್ಡ್ ನಡೆಯುವ ಹಂತದಲ್ಲಿಯೇ ತಮ್ಮ ಸಂಕೇತವನ್ನು ಸೇರಿಸಿದ್ದರು. ಕಡತವು ಕಂಪನಿಯ ಅಧಿಕೃತ ಡಿಜಿಟಲ್ ಸಹಿಯೊಂದಿಗೇ ಗ್ರಾಹಕರನ್ನು ತಲುಪಿತು. ಮೂಲ ಸಂಕೇತದಿಂದ ಬೇರೊಂದು ಯಂತ್ರದಲ್ಲಿ ಮತ್ತೊಮ್ಮೆ ತಯಾರಿಸಿ ಬೆರಳಚ್ಚುಗಳನ್ನು ಹೋಲಿಸುವ ಪದ್ಧತಿಯಿದ್ದರೆ ಇಂತಹ ಬೆರಕೆ ಹೊರಬೀಳುತ್ತದೆ. ದಿನಾಂಕದ ಗೊಂದಲವಿರುವವರೆಗೆ ಆ ಹೋಲಿಕೆಯೇ ಅಸಾಧ್ಯ.

ತಯಾರಕರಲ್ಲಿ ಕೇಳಬೇಕಾದುದು

1. ಪ್ರತಿ ಆವೃತ್ತಿಯೊಂದಿಗೆ ಎಸ್‌ಎಚ್‌ಎ-256 ಬೆರಳಚ್ಚನ್ನು ಲಿಖಿತವಾಗಿ ಕೊಡಬೇಕು. ವಿಂಡೋಸ್‌ನಲ್ಲಿರುವ 'ಸರ್ಟ್‌ಯುಟಿಲ್' ಆದೇಶದಿಂದ ಗ್ರಾಹಕನು ತಾನೇ ಅದನ್ನು ತಾಳೆ ನೋಡಬಹುದು.

2. ಬಿಲ್ಡ್‌ನ ದಿನಾಂಕವನ್ನು ಮೂಲ ಸಂಕೇತದ ಕೊನೆಯ ಬದಲಾವಣೆಯಿಂದ ಪಡೆಯಬೇಕು. ನಿಜವಾಗಿ ಬಿಲ್ಡ್ ನಡೆದ ವೇಳೆಯನ್ನು ಪ್ರತ್ಯೇಕ ದಾಖಲೆಯಲ್ಲಿ ಬರೆದಿಡಬೇಕು.

3. ಡಿಜಿಟಲ್ ಸಹಿಯಲ್ಲಿಯೂ ವೇಳೆ ಸೇರುವುದರಿಂದ, ಸಹಿಗೆ ಮೊದಲಿನ ಕಡತದ ಬೆರಳಚ್ಚನ್ನೂ ಪಡೆಯಬೇಕು.

4. ಬಳಸಿದ ಕಂಪೈಲರ್ ಮತ್ತಿತರ ಸಾಧನಗಳ ಆವೃತ್ತಿಗಳ ಪಟ್ಟಿಯನ್ನು ಒಪ್ಪಂದಕ್ಕೆ ಲಗತ್ತಿಸಬೇಕು. ತಯಾರಕನು ವ್ಯವಹಾರ ನಿಲ್ಲಿಸಿದರೆ ಮೂಲ ಸಂಕೇತದಿಂದ ಅದೇ ತಂತ್ರಾಂಶವನ್ನು ಮತ್ತೆ ಪಡೆಯಲು ಇದೇ ಆಧಾರ.

ಇವುಗಳಿಗೆ ಹೆಚ್ಚಿನ ವೆಚ್ಚವೇನೂ ಇಲ್ಲ. ತಯಾರಕನ ಅಭ್ಯಾಸ ಬದಲಾಗಬೇಕಷ್ಟೆ. ದೂರದ ಬೃಹತ್ ಕಂಪನಿಯೊಂದನ್ನು ಈ ಮಾತು ಕೇಳುವುದು ಸಣ್ಣ ವ್ಯಾಪಾರಿಗೆ ಕಷ್ಟವಾದೀತು. ಆದರೆ ತನ್ನ ಊರಿನಲ್ಲಿಯೇ ಕುಳಿತು ಬಿಲ್ಲಿಂಗ್ ತಂತ್ರಾಂಶ ಬರೆದುಕೊಡುವ ಯುವ ತಯಾರಕರಲ್ಲಿ ಖಂಡಿತವಾಗಿ ಕೇಳಬಹುದು. ತಕ್ಕಡಿಗೆ ಮುದ್ರೆಯಿದೆಯೇ ಎಂದು ನೋಡಿ ಸರಕು ತೂಗುವ ವರ್ತಕರು, ಲೆಕ್ಕ ಬರೆಯುವ ತಂತ್ರಾಂಶದ ಮುದ್ರೆಯನ್ನೂ ಒಮ್ಮೆ ಪರಿಶೀಲಿಸುವುದು ಒಳಿತು.